ಸುಶೀಲ ಮಾತು ಬಿಟ್ಟ ಅವರೆಕಾಯಿ ಕಾಲ

ಮೊನ್ನೆ ಬನಶಂಕರಿಯ ಗ್ರಂಧಿಗೆ ಅಂಗಡಿಯಲ್ಲಿ ಸೀಗೆಪುಡಿಗೆಂದು ಕಾದು ನಿಂತಿದ್ದೆ. ನನ್ನ ಮುಂದಿದ್ದವರು ಜ್ಯೇಷ್ಠಮಧು ಕೇಳಿದರು. ಅಂಗಡಿಯಾತ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಒಣಬೇರಿನ ಆ ಸಿಹಿ ಸಿಹಿ ವಾಸನೆ ಮೂಗಿಗೆ ಬಂತು. ಒಂದು ಕ್ಷಣ ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಎರಡು ವರ್ಷದ ಹಿಂದೆ ಒಂದು ಚಳಿಗಾಲವಿಡೀ ನಮ್ಮ ಮನೆ ಈ ವಾಸನೆಯಲ್ಲೇ ಮುಳುಗಿತ್ತು. ಅಡುಗೆಮನೆಯಲ್ಲಿ, ದಿಂಬಿನ ಕೆಳಗೆ, ಸುಶೀಲಳ ಸೆರಗಿನ ಗಂಟಿನಲ್ಲಿ, ಎಲ್ಲೆಲ್ಲೂ ಜ್ಯೇಷ್ಠಮಧುವಿನ ಚೂರು.

ಸುಶೀಲ ನನ್ನ ಹೆಂಡತಿ. ನಾವಿರುವುದು ಜರಗನಹಳ್ಳಿಯಲ್ಲಿ. ನಮ್ಮಪ್ಪನ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಯವರು. ಮಗಳು ಮಂಜುಳ ವಸಂತಪುರದಲ್ಲಿ ಗಂಡನ ಜೊತೆ ಇದ್ದಾಳೆ, ಅಲ್ಲೇ ಹತ್ತಿರದ ಸ್ಕೂಲಿನಲ್ಲಿ ಟೀಚರು. ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ರಿಟೈರಾದವನು. ಯಂತ್ರಗಳ ಗದ್ದಲದಲ್ಲಿ ಮಾತಾಡಿ ಪ್ರಯೋಜನವಿಲ್ಲದ್ದರಿಂದ ಮಾತಿನ ಅಭ್ಯಾಸ ತಪ್ಪಿತು ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದೆ. ನಿಜ ಸಂಗತಿಯೆಂದರೆ ಸುಶೀಲ ಪಕ್ಕದಲ್ಲಿರುವಾಗ ನಾನು ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಬಾಡಿಗೆಯವರೊಂದಿಗೆ, ಪ್ಲಂಬರನೊಂದಿಗೆ, ನನ್ನ ಸ್ವಂತ ಅಕ್ಕತಂಗಿಯರೊಂದಿಗೆ, ನನ್ನ ಸಕ್ಕರೆ ಕಾಯಿಲೆಯ ಡಾಕ್ಟರೊಂದಿಗೆ ಕೂಡ ಅವಳೇ ಮಾತಾಡುತ್ತಿದ್ದಳು. ಮಗಳು ಫೋನ್ ಮಾಡಿದರೆ ನಾನು "ಹ್ಞೂಂ, ಚೆನ್ನಾಗಿದೀನಿ, ಅಮ್ಮಂಗೆ ಕೊಡ್ತೀನಿ" ಎಂದು ಫೋನನ್ನು ಬಿಸಿ ಪಾತ್ರೆಯಂತೆ ದಾಟಿಸಿಬಿಡುತ್ತಿದ್ದೆ.

ಅವಳ ದನಿ ಅಂಥಾದ್ದು. ಗೇಟಿನ ಬಳಿ ನಿಂತು ಸೊಪ್ಪಿನ ಲಕ್ಷ್ಮಕ್ಕನ ಜೊತೆ ಮಾತಾಡಿದರೆ ಬೀದಿಯ ಕೊನೆಯ ಮನೆಯವರಿಗೂ ಅಂದು ನಮ್ಮಲ್ಲಿ ಬಸ್ಸಾರೋ ಮಸ್ಸೊಪ್ಪೋ ಗೊತ್ತಾಗಿಬಿಡುತ್ತಿತ್ತು. ಆ ದನಿಗೆ ಸರಿಯಾದ ಉದ್ಯೋಗವೂ ಸಿಕ್ಕಿತ್ತು. ಜೆ.ಪಿ. ನಗರದ ಪಾರ್ಕಿನಲ್ಲಿ ನಮ್ಮ ಹಿರಿಯರ ಬಳಗ ಭಾನುವಾರ ಸಂಜೆ ಸೇರುತ್ತದೆ. ಮೊದಲು ಸ್ವಲ್ಪ ಕೈಕಾಲು ಆಡಿಸುವುದು, ಆಮೇಲೆ ತಂಬೋಲ. ಎಲ್ಲರ ಕೈಯಲ್ಲೂ ಅಂಕಿಗಳಿರುವ ಒಂದೊಂದು ಚೀಟಿ. ಒಬ್ಬರು ಚೀಲದಿಂದ ಬಿಲ್ಲೆ ತೆಗೆದು ಅಂಕಿ ಕೂಗುತ್ತಾರೆ, ಇದ್ದವರು ಹೊಡೆದುಕೊಳ್ಳುತ್ತಾರೆ. ಮೊದಲು ಸಾಲು ಮುಗಿಸಿದವರಿಗೆ ಸ್ಟೀಲ್ ಡಬ್ಬಿ. ಕೂಗುವವಳು ಸುಶೀಲ. ಪ್ರತಿ ಅಂಕಿಗೂ ಅವಳದೇ ಒಂದು ಬಾಲಂಗೋಚಿ. "ಹನ್ನೊಂದು, ಗೇಟಿನ ಕಂಬ ಎರಡೂ ಒಂದೇ ಎತ್ತರ!" "ಎಂಬತ್ತೆಂಟು, ಅತ್ತೆ ಸೊಸೆ ಇಬ್ಬರೂ ದಪ್ಪ!" "ಅರವತ್ತು, ಆಫೀಸಿಗೆ ನಮಸ್ಕಾರ!" ಚೀಲ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಅದರಲ್ಲಿ ನಾನು ಸುಖವಾಗಿದ್ದೆ.

ಆ ವರ್ಷ ಅವರೆಕಾಯಿ ಬರುವ ಹೊತ್ತಿಗೆ ಅವಳ ದನಿ ಒಡೆಯಿತು. ಮೊದಮೊದಲು ಶೀತ ಅಂದುಕೊಂಡೆವು. ಒಬ್ಬರು ಮೆಣಸಿನ ಕಷಾಯ ಹೇಳಿದರು, ಇನ್ನೊಬ್ಬರು ಅರಿಸಿನದ ಹಾಲು. ಜ್ಯೇಷ್ಠಮಧು ಮಾತ್ರ ಎಲ್ಲರೂ ಹೇಳಿದರು. ದನಿ ದಿನೇದಿನೇ ಇಳಿಯುತ್ತ ಹೋಯಿತು. ಒಂದು ಬೆಳಿಗ್ಗೆ ಕೊರಿಯರ್ ಹುಡುಗ ಫೋನ್ ಮಾಡಿದ. ಅವಳು "ಹಲೋ" ಅಂದಳು. ಆ ಕಡೆಯಿಂದ "ಸಾರ್, ಪಾರ್ಸೆಲ್ ಇದೆ, ಮೇಡಂ ಮನೇಲಿದಾರಾ?" ಎಂದು ಕೇಳಿಸಿತು.

"ಇದಾರಪ್ಪ, ಬಾ" ಎಂದು ಅವಳು ಗಂಡಸಿನಂತೆಯೇ ಉತ್ತರ ಕೊಟ್ಟು ಬಿದ್ದು ಬಿದ್ದು ನಕ್ಕಳು. ನಗುವಿನಲ್ಲೂ ಸದ್ದಿರಲಿಲ್ಲ, ಬರೀ ಗಾಳಿ. ಆ ಗಾಳಿ ಕೇಳಿದ ಮೇಲೆ ನನಗೆ ನಗು ಬರಲಿಲ್ಲ. ಮರುದಿನವೇ ಜಯನಗರದ ಒಂದು ಕಿವಿ–ಮೂಗು–ಗಂಟಲಿನ ಕ್ಲಿನಿಕ್ಕಿಗೆ ಹೊರಟೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುಶೀಲಳ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕ್ಯಾಮೆರಾ ಇರುವ ಕಡ್ಡಿಯನ್ನು ಬಾಯಿಗಿಟ್ಟು, ಒಳಗಿನದನ್ನು ಟಿವಿಯ ಮೇಲೆ ತೋರಿಸಿದರು. ಗಂಟಲಿನ ಆಳದಲ್ಲಿ ಎರಡು ಬಿಳಿಯ ಪಟ್ಟಿಗಳು ತೆರೆದು ಮುಚ್ಚಿಕೊಳ್ಳುತ್ತಿದ್ದವು. ಇಷ್ಟು ವರ್ಷ ನಮ್ಮ ಮನೆಯನ್ನು ನಡೆಸಿದ ದನಿ ಹುಟ್ಟುವ ಜಾಗ ಅದು. ಒಂದು ಪಟ್ಟಿಯ ಅಂಚಿನಲ್ಲಿ ಕೆಂಪಗೆ ಒಂದು ಚಿಕ್ಕ ಗಂಟು ಕೂತಿತ್ತು.

"ಇದನ್ನ ತೆಗೀಬೇಕು ಆಂಟಿ" ಎಂದರು ಡಾಕ್ಟರು. "ಚಿಕ್ಕ ಆಪರೇಷನ್, ಸಂಜೆಗೆ ಮನೆಗೆ ಹೋಗ್ಬಹುದು. ತೆಗೆದಿದ್ದನ್ನ ಟೆಸ್ಟಿಗೆ ಕಳಿಸ್ತೀವಿ. ನೋಡೋಕೆ ಸಾದಾ ಥರಾನೇ ಇದೆ. ಆದ್ರೆ ರಿಪೋರ್ಟ್ ಬರೋವರ್ಗೂ ನಾನು ಏನೂ ಹೇಳಲ್ಲ. ಆಮೇಲೆ ಎರಡು ವಾರ ಮಾತು ಪೂರ್ತಿ ಬಂದ್. ಪಿಸುಗುಡೋ ಹಾಗೂ ಇಲ್ಲ."

"ಎರಡು ವಾರಾನಾ?" ಸುಶೀಲ ಲಕ್ಷ್ಮಕ್ಕನ ಜೊತೆ ಸೊಪ್ಪಿಗೆ ಚೌಕಾಸಿ ಮಾಡುವ ಧಾಟಿಯಲ್ಲೇ ಕೇಳಿದಳು. "ಒಂದು ವಾರ ಮಾಡ್ಕೊಳಿ ಡಾಕ್ಟ್ರೇ."

"ಎರಡು ವಾರ ಆಂಟಿ. ಕಮ್ಮಿ ಇಲ್ಲ."

ಹೊರಗೆ ಬಂದ ಮೇಲೆ ಅವಳು ಫುಟ್‌ಪಾತಿನಲ್ಲೇ ನಿಂತು, "ಟೆಸ್ಟಿಗೆ ಕಳಿಸೋ ವಿಷಯ ಮಂಜುಗೆ ಹೇಳ್ಬೇಡಿ. ಸುಮ್ನೆ ಹೆದರ್ಕೋತಾಳೆ" ಎಂದಳು. ನಾನು ತಲೆಯಾಡಿಸಿದೆ. ಟೆಸ್ಟು ಏತಕ್ಕೆಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಆ ಕಾಯಿಲೆಯ ಹೆಸರನ್ನು ಅಂದು ಬಾಯಿಗೆ ತರದೆ, ಹೂವಿನಂಗಡಿಯವನ ಸೇವಂತಿಗೆ ಎಷ್ಟು ಚೆನ್ನಾಗಿದೆ ಎಂದು ಮಾತಾಡಿಕೊಂಡು ಮನೆಗೆ ಬಂದೆವು.

ಸಂಕ್ರಾಂತಿಗೆ ಕೆಲವೇ ದಿನ ಮುಂಚೆ ಆಪರೇಷನ್ ಆಯಿತು. ಬೆಳಿಗ್ಗೆ ಹಸಿರು ಬಟ್ಟೆ ತೊಡಿಸಿ ಅವಳನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವಾಗ, ಅವಳು ಕತ್ತೆತ್ತಿ ನನ್ನನ್ನು ಕರೆದಳು. ನಾನು ಬಗ್ಗಿ ಕಿವಿಗೊಟ್ಟೆ.

"ಫ್ರಿಜ್ಜಲ್ಲಿ ಹಿಟ್ಟಿದೆ. ಹುಳಿ ಬರೋಕ್ಮುಂಚೆ ದೋಸೆ ಹುಯ್ಕೊಳಿ."

ಬಾಗಿಲು ಮುಚ್ಚಿತು. ನಾನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದೋಸೆಹಿಟ್ಟಿನ ಬಗ್ಗೆಯೇ ಯೋಚಿಸಿದೆ. ಬೇರೇನನ್ನಾದರೂ ಯೋಚಿಸಿದರೆ ಕೂರಲಾಗುತ್ತಿರಲಿಲ್ಲ.

ಸಂಜೆ ಮನೆಗೆ ಬಂದದ್ದು ಬೇರೆಯೇ ಒಬ್ಬ ಸುಶೀಲ. ತುಟಿ ಬಿಗಿದುಕೊಂಡು, ಕಣ್ಣಗಲಿಸಿಕೊಂಡು, ಯಾವಾಗ ಬೇಕಾದರೂ ಮಾತು ಜಾರಿಬಿಡಬಹುದೆಂಬ ಭಯದಲ್ಲಿ ಒಂದು ಕೈಯನ್ನು ಬಾಯಿಯ ಹತ್ತಿರವೇ ಇಟ್ಟುಕೊಂಡು ಓಡಾಡುವವಳು. ಎರಡು ದಿನದಲ್ಲಿ ಅವಳದೇ ಒಂದು ಭಾಷೆ ಹುಟ್ಟಿತು. ಒಂದು ಚಪ್ಪಾಳೆ ಎಂದರೆ ಇಲ್ಲಿ ಬನ್ನಿ. ಎರಡು ಎಂದರೆ ಗ್ಯಾಸ್ ಆರಿಸಿ. ಸೌಟನ್ನು ಕಟ್ಟೆಗೆ ಕುಟ್ಟಿದರೆ ನಾನು ಏನೋ ತಪ್ಪು ಮಾಡಿದ್ದೇನೆ, ಅದೇನೆಂದು ನಾನೇ ಕಂಡುಹಿಡಿಯಬೇಕು. ಫೋನಿನಲ್ಲಿ ಟೈಪ್ ಮಾಡುವ ತಾಳ್ಮೆ ಅವಳಿಗಿರಲಿಲ್ಲ. ಅಡುಗೆಮನೆಯಿಂದ ಹಾಲಿನಲ್ಲಿರುವ ನನಗೆ ಕೋಪದ ಮುಖದ ಚಿತ್ರಗಳನ್ನು ಕಳಿಸುತ್ತಿದ್ದಳು. ಒಂದು ಸಲ ಸಾಲಾಗಿ ಏಳೆಂಟು ಕೆಂಪು ಮುಖ ಬಂದವು. ಓಡಿ ಹೋಗಿ ನೋಡಿದರೆ ನಾನು ಸಂಪಿನ ಮೋಟರ್ ಆಫ್ ಮಾಡಿರಲಿಲ್ಲ, ಮೇಲಿನ ಟ್ಯಾಂಕ್ ತುಂಬಿ ಅಂಗಳವೆಲ್ಲ ನೀರು.

ಬೆಳಿಗ್ಗೆ ಲಕ್ಷ್ಮಕ್ಕ ಬಂದಾಗ ಗೇಟಿಗೆ ನಾನು ಹೋದೆ. ಆಕೆ ಬುಟ್ಟಿಯನ್ನು ಇಳಿಸದೆ ನನ್ನನ್ನೇ ನೋಡಿದಳು.

"ಅಕ್ಕ ಎಲ್ಲಣ್ಣ?"

"ಮಾತಾಡೋ ಹಾಗಿಲ್ಲ."

"ಯಾಕಣ್ಣ, ಮಾತ್ ಬಿಟ್ಟವ್ರಾ? ಏನ್ ಮಾಡಿದ್ರಿ ನೀವು?"

ಗಂಟಲು ಆಪರೇಷನ್ ಎಂದು ವಿವರಿಸಿದೆ. ಯಾಕೆ, ಯಾವಾಗ, ಎಲ್ಲಿ, ಈಗ ಗಂಜಿ ಕುಡಿಯುತ್ತಾಳಾ, ಹುಳಿ ತಿನ್ನಬಹುದಾ ಎಂದು ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಹೊರಗಿನವರೊಂದಿಗೆ ಅಷ್ಟು ಹೊತ್ತು ಮಾತಾಡಿದ್ದು ಯಾವ ಕಾಲವಾಗಿತ್ತೋ. ಕೊನೆಗೆ ಒಳಗೆ ಬಂದು ಸೊಪ್ಪನ್ನು ಕೊಟ್ಟರೆ ಸುಶೀಲ ಒಂದೊಂದೇ ಕಟ್ಟು ಎತ್ತಿ ನೋಡಿ, ಹಣೆ ಚಚ್ಚಿಕೊಂಡಳು. ದಂಟೆಂದು ನಾನು ತಂದದ್ದು ಹರಿವೆ.

ಸಂಕ್ರಾಂತಿ ಬಂತು. ಪ್ರತಿವರ್ಷ ಅವಳೊಬ್ಬಳೇ ಎಳ್ಳು ಬೀರಲು ಹೋಗುತ್ತಿದ್ದಳು. ಎಳ್ಳುಬೆಲ್ಲ ಕೊಟ್ಟು, ಒಳ್ಳೆಯ ಮಾತಾಡಿ ಎಂದು ಹಾರೈಸುವ ಹಬ್ಬ. ಹಾರೈಸುವವಳಿಗೇ ಮಾತಿಲ್ಲ. ರೇಷ್ಮೆ ಸೀರೆ ಉಟ್ಟು, ತಟ್ಟೆ ಹಿಡಿದು, ಬಾಗಿಲಲ್ಲಿ ನಿಂತು ನನಗೆ ಒಂದು ಚಪ್ಪಾಳೆ ಹೊಡೆದಳು. ಹೆಂಗಸರ ಹಿಂದೆ ಎಳ್ಳು ಬೀರಲು ಗಂಡಸು ಹೋಗುವುದೇ ಎಂದು ನಾನು ಮುಜುಗರದಲ್ಲಿ ಹೊರಟೆ. ಒಂದೊಂದು ಮನೆಯಲ್ಲೂ ಅವಳು ನಗುತ್ತ ಎಳ್ಳು, ಕಬ್ಬಿನ ತುಂಡು ಕೊಡುವುದು, ಹಿಂದಿನಿಂದ ನಾನು ಆಪರೇಷನ್ನಿನ ಕತೆ ಒಪ್ಪಿಸುವುದು. ಐದಾರು ಮನೆ ದಾಟುವ ಹೊತ್ತಿಗೆ ಕತೆ ನುಣುಪಾಯಿತು. ಏಳನೆಯ ಮನೆಯಲ್ಲಿ ನಾನು ಡಾಕ್ಟರ ಜೊತೆ ಅವಳು ಚೌಕಾಸಿ ಮಾಡಿದ್ದನ್ನೂ ಸೇರಿಸಿದೆ. ಎಲ್ಲರೂ ನಕ್ಕರು. ಸುಶೀಲ ನನ್ನ ಕಡೆ ತಿರುಗಿ ಹುಬ್ಬೇರಿಸಿದಳು: ಇವರಿಗೆ ಇದೆಲ್ಲ ಬರುತ್ತದೆಯೇ!

ಟೆಸ್ಟಿನ ಸಂಗತಿ ಮಾತ್ರ ಯಾವ ಮನೆಯಲ್ಲೂ ಹೇಳಲಿಲ್ಲ.

ಮಧ್ಯಾಹ್ನಗಳು ಉದ್ದವಾಗಿದ್ದವು. ಆಗ ನಾವು ವರಾಂಡದ ಬಿಸಿಲಿನಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಎರಡು ಬೆರಳ ನಡುವೆ ಒತ್ತಿದರೆ ಕಾಳು ಸಿಪ್ಪೆಯಿಂದ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ. ಬೇರೆ ಸದ್ದಿಲ್ಲ. ಸುಮ್ಮನೆ ಕೂರುವುದು ನನಗೆ ಹೊಸದಲ್ಲ, ಆದರೆ ಇಬ್ಬರೂ ಸುಮ್ಮನೆ ಕೂತರೆ ಎದೆ ಭಾರವಾಗುತ್ತಿತ್ತು. ತಡೆಯಲಾರದೆ ಒಂದು ದಿನ ಶುರು ಮಾಡಿದೆ: "ನೀನು ಕೂತಿದೀಯಲ್ಲ, ಅಲ್ಲೇ ನಮ್ಮಪ್ಪ ಅವರೆ ಸಾಲು ಹಾಕ್ತಿದ್ದ. ರಾಗಿ ಕುಯ್ದ ಮೇಲೆ ಬರೀ ಅವರೆ ಗಿಡ ನಿಂತಿರೋದು. ಇಬ್ಬನೀಲಿ ಕಾಯಿ ಕಿತ್ರೆ ಕೈಯೆಲ್ಲ ಸೊಗಡು. ಹಂಗೇ ಸ್ಕೂಲಿಗೆ ಹೋಗ್ತಿದ್ದೆ, ಮೇಷ್ಟ್ರು ನನ್ನ ಕೈ ಮೂಸಿ, ನಾಳೆ ನಮ್ಮನೆಗೂ ಒಂದಿಷ್ಟು ತಾರೋ ಅನ್ನೋರು."

ಅಲ್ಲಿಗೆ ನಿಲ್ಲಿಸಿದೆ. ಒಂದು ಅವರೆಕಾಳು ಹಾರಿಬಂದು ನನ್ನ ಕೆನ್ನೆಗೆ ತಾಕಿತು. ಮುಂದುವರಿಸಿ ಎಂದು ಅರ್ಥ. ಆಮೇಲೆ ದಿನವೂ ಏನಾದರೊಂದು ಹೇಳಿದೆ. ಟೂಲ್ ರೂಮಿನ ಕತೆ, ಮೊದಲ ದಿನ ನೈಟ್ ಶಿಫ್ಟಿನಲ್ಲಿ ನಿಂತಲ್ಲೇ ನಿದ್ದೆ ಹೋದದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳಿಗೆ ಹೇಳಿರದ ಸಂಗತಿಗಳು. ಹೇಳಬಾರದೆಂದೇನೂ ಇರಲಿಲ್ಲ, ಸಂದು ಸಿಕ್ಕಿರಲಿಲ್ಲ ಅಷ್ಟೇ.

ಹಾಗೆ ಕೂತಿದ್ದಾಗಲೇ ಒಂದು ಸಂಜೆ ಮಂಜುಳಳ ಫೋನು ಬಂತು. ಅಮ್ಮನಿಗೆ ಕೊಡುವಂತಿರಲಿಲ್ಲ. ಸ್ಪೀಕರಿಗೆ ಹಾಕಿದೆ.

"ಅಪ್ಪಾ, ಒಂದು ಕೇಳ್ತೀನಿ, ನಿಜ ಹೇಳಿ. ತೆಗೆದಿದ್ದನ್ನ ಬಯಾಪ್ಸಿಗೆ ಕಳಿಸಿದಾರಾ?"

ಸುಶೀಲ ಎರಡೂ ಕೈಯಾಡಿಸಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಅವಳಾಗಿದ್ದರೆ ಮಾತನ್ನು ಹತ್ತು ಕಡೆ ತಿರುಗಿಸಿ ಮಗಳನ್ನು ನಗಿಸಿ ಫೋನಿಟ್ಟಿರುತ್ತಿದ್ದಳು. ನನಗೆ ಅಷ್ಟು ಮಾತು ಎಲ್ಲಿಂದ ಬರಬೇಕು?

"ಹ್ಞೂಂ ಕಣಮ್ಮ, ಕಳಿಸಿದಾರೆ. ಸೋಮವಾರ ಗೊತ್ತಾಗುತ್ತೆ."

ಅವರೆ ಸಿಪ್ಪೆಯ ಒಂದು ಹಿಡಿ ನನ್ನ ಮೇಲೆ ಬಿತ್ತು.

"ನಿಮ್ಗೆ ಭಯ ಆಗ್ತಿದ್ಯಾ ಅಪ್ಪಾ?"

"ಆಗ್ತಿದೆ" ಎಂದೆ.

ಸುಶೀಲಳ ಕೈ ಪಾತ್ರೆಯಲ್ಲೇ ನಿಂತಿತು. ನಾನು ಅವಳ ಕಡೆ ನೋಡಲಿಲ್ಲ. "ನಂಗೂ" ಎಂದಳು ಮಂಜುಳ. "ಶನಿವಾರ ಬರ್ತೀನಿ. ಸೋಮವಾರ ಸ್ಕೂಲಿಗೆ ರಜೆ ಹಾಕ್ತೀನಿ." ಫೋನ್ ಇಟ್ಟ ಮೇಲೆ ಸುಶೀಲ ನನ್ನ ತಲೆಯ ಮೇಲಿದ್ದ ಸಿಪ್ಪೆಗಳನ್ನು ಒಂದೊಂದಾಗಿ ತೆಗೆದಳು. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ತನಗೂ ಎಂದು ತೋರಿಸಿದಳು. ಹೇಗೋ ಆ ಸಂಜೆಯ ಸಾರು ಇಬ್ಬರಿಗೂ ರುಚಿಸಿತು.

ಶನಿವಾರ ಮಂಜುಳ ಬಂದಳು. ಭಾನುವಾರ ಬೆಳಿಗ್ಗೆ ಬಳಗದ ಹಿರಿಯರಾದ ರಾಮಚಂದ್ರಯ್ಯನವರ ಫೋನು. "ಎರಡು ಭಾನುವಾರದಿಂದ ತಂಬೋಲ ನಿಂತೋಗಿದೆ ಸಾರ್. ಈ ಸಲ ನೀವೇ ಕೂಗ್ಬೇಕು."

"ನಾನಾ? ಆಗಲ್ಲ ಸಾರ್, ನಂಗೆ..."

ಹಿಂದಿನಿಂದ ಒಂದು ಚಪ್ಪಾಳೆ. ಸುಶೀಲ ಆಗಲೇ ಬಿಲ್ಲೆಗಳ ಚೀಲವನ್ನು ಕೈಯಲ್ಲಿ ಹಿಡಿದಿದ್ದಳು.

ಪಾರ್ಕಿನಲ್ಲಿ ಜನ ಎಂದಿಗಿಂತ ಹೆಚ್ಚಾಗಿದ್ದರು. ನಾನು ಮೊದಲ ಬಿಲ್ಲೆ ತೆಗೆದು "ಇಪ್ಪತ್ತೇಳು" ಎಂದೆ. ನನ್ನ ಅಂಗಿಯ ಗುಂಡಿಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ ಸಾರ್!"

"ಇಪ್ಪತ್ತೇಳು!"

"ಬರೀ ಇಪ್ಪತ್ತೇಳಾ? ಬಾಲ ಎಲ್ಲಿ?"

ಸುಶೀಲ ಮುಂದಿನ ಬೆಂಚಿನಲ್ಲಿ ಕೂತು ಕೈಸನ್ನೆ ಮಾಡಿ ಹೇಳಿಕೊಡಲು ನೋಡಿದಳು. ಹನ್ನೊಂದಕ್ಕೆ ಎರಡು ಬೆರಳು ನೆಟ್ಟಗೆ ನಿಲ್ಲಿಸಿದಳು. ಎಂಬತ್ತೆಂಟಕ್ಕೆ ಕೆನ್ನೆ ಉಬ್ಬಿಸಿದಳು. ನಾನು ಅವಳ ಸಾಲುಗಳನ್ನೇ ಒಪ್ಪಿಸಿದೆ, ತಡವರಿಸಿದೆ, ಒಂದು ಅಂಕಿಯನ್ನು ತಲೆಕೆಳಗಾಗಿ ಹಿಡಿದು ಅರವತ್ತಾರನ್ನು ತೊಂಬತ್ತೊಂಬತ್ತು ಎಂದು ಕೂಗಿ, ಆಟದಲ್ಲಿ ತೊಂಬತ್ತರಾಚೆ ಅಂಕಿಯೇ ಇಲ್ಲವೆಂದು ಎಲ್ಲರಿಂದ ಬೈಸಿಕೊಂಡೆ. ಆಮೇಲೆ ಚೀಲದಿಂದ ನಲವತ್ತೊಂದು ಬಂತು. ಅದಕ್ಕೆ ಅವಳ ಸಾಲು ಏನೆಂದು ನೆನಪಾಗಲಿಲ್ಲ. ಅವಳ ಕಡೆ ನೋಡಿದೆ. ಅವಳೂ ಕೈ ತಿರುವಿದಳು.

"ನಲವತ್ತೊಂದು" ಎಂದೆ. "ಮದುವೆಯಾಗಿ ನಲವತ್ತೊಂದು ವರ್ಷ, ಮೈಕು ಕೈಗೆ ಸಿಕ್ಕಿದ್ದು ಇವತ್ತೇ!"

ಪಾರ್ಕು ನಕ್ಕಿತು. ರಾಮಚಂದ್ರಯ್ಯನವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಸುಶೀಲ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿ ಕುಣಿಸಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ. ಮಗಳು "ಅಮ್ಮಾ, ಗಂಟಲು, ಗಂಟಲು!" ಎಂದು ಅವಳ ಬೆನ್ನು ಸವರುತ್ತಿದ್ದಳು. ಆ ನೀರು ಬರೀ ನಗುವಿನದಲ್ಲವೆಂದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಮರುದಿನ ಸೋಮವಾರ.

ಸೋಮವಾರ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಮಂಜುಳ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದಳು. ನಾನೇ ಎತ್ತಿಕೊಂಡೆ. ಸುಶೀಲ ಎದುರಿಗೆ ಬಂದು ನಿಂತಳು.

"ಅಂಕಲ್, ರಿಪೋರ್ಟ್ ಬಂತು" ಎಂದರು ಡಾಕ್ಟರು. "ಏನೂ ಇಲ್ಲ. ಸಾದಾ ಗಂಟೇ. ಆರಾಮಾಗಿರಿ. ಗುರುವಾರ ಆಂಟೀನ ಕರ್ಕೊಂಡು ಬನ್ನಿ, ಮಾತು ಶುರು ಮಾಡೋಣ."

ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಫೋನ್ ಇಟ್ಟು ಸುಶೀಲಳ ಕಡೆ ತಿರುಗಿದೆ, ಆಗಲೂ ಬರಲಿಲ್ಲ. ಎರಡು ವಾರದಿಂದ ಊರಿಗೆಲ್ಲ ಮಾತಾಡಿದ ಬಾಯಿ ಆ ಹೊತ್ತಿಗೇ ಕಟ್ಟಿಹೋಯಿತು. ನನ್ನ ಮುಖದಲ್ಲಿ ಏನು ಕಂಡಳೋ, ಅವಳ ಮುಖ ಬಿಳಿಚಿಕೊಂಡಿತು. ಮೆಲ್ಲಗೆ ದಿವಾನದ ತುದಿಯಲ್ಲಿ ಕೂತಳು. ಆಮೇಲೆ ಕೈಯೆತ್ತಿ ಒಂದು ಚಪ್ಪಾಳೆ ಹೊಡೆದಳು. ನಾನು ನಿಂತೇ ಇದ್ದೆ. ಇನ್ನೊಂದು ಹೊಡೆದಳು, ಮತ್ತೊಂದು, ಆಮೇಲೆ ಬಿಡದೆ ಪಟಪಟನೆ.

"ಏನೂ ಇಲ್ವಂತೆ" ಎಂದೆ, ಹೇಗೋ. "ಸಾದಾ ಗಂಟಂತೆ. ಏನೂ ಇಲ್ವಂತೆ ಕಣೇ."

ಚಪ್ಪಾಳೆಯ ಸದ್ದು ಕೇಳಿ ಮೆಟ್ಟಿಲಿಳಿದು ಓಡಿಬಂದ ಮಂಜುಳ ನೋಡಿದ್ದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಏನೂ ಮಾತಾಡದೆ ಕೂತಿದ್ದ ಅಪ್ಪ ಅಮ್ಮನನ್ನು. ಅವಳು ಕ್ಲಿಪ್ಪಿನ ಬುಟ್ಟಿಯನ್ನು ಕೈಬಿಟ್ಟಳು. "ಯಾರಾದ್ರೂ ಏನಾದ್ರೂ ಹೇಳ್ರಪ್ಪಾ!" ಎಂದು ಕೂಗಿದಳು. ಆ ಕೂಗಿನಲ್ಲಿ ನನಗೆ ಸುಶೀಲಳ ಹಳೆಯ ದನಿ ಕೇಳಿಸಿತು. ನಾನು ಮತ್ತೊಮ್ಮೆ ಹೇಳಿದೆ. ಆ ದಿನ ಎಷ್ಟು ಸಲ ಹೇಳಿದೆನೋ, ಹೇಳಿದಷ್ಟೂ ಹಗುರ.

ಗುರುವಾರ ಕ್ಲಿನಿಕ್ಕಿನಲ್ಲಿ ಡಾಕ್ಟರು ಮತ್ತೆ ಕಡ್ಡಿ ಇಟ್ಟು ನೋಡಿ ತಲೆದೂಗಿದರು. "ಈಗ ಮಾತಾಡಿ ಆಂಟಿ, ಮೆಲ್ಲಗೆ. ನಿಮ್ಮ ಹೆಸರು ಹೇಳಿ ನೋಡೋಣ."

ಸುಶೀಲ ನೇರವಾಗಿ ಕೂತಳು. ಒಂದು ಸಲ ಉಗುಳು ನುಂಗಿದಳು.

"ಇವರಿಗೆ ಶುಗರ್ ಇದೆ ಡಾಕ್ಟ್ರೇ" ಎಂದಳು. "ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕ್ಕೊಂಡಿಲ್ಲ. ಬೇಗ ಬಿಟ್ಬಿಡಿ ನಮ್ಮನ್ನ."

ದನಿ ತೆಳ್ಳಗಿತ್ತು, ಸ್ವಲ್ಪ ನಡುಗುತ್ತಿತ್ತು, ಆದರೆ ಅವಳದೇ. ಡಾಕ್ಟರು ನಕ್ಕು, ಒಂದು ತಿಂಗಳು ಜೋರಾಗಿ ಮಾತಾಡಬಾರದು, ಕೂಗಬಾರದು ಎಂದು ಹೇಳಿ ಕಳಿಸಿದರು.

ಇಡ್ಲಿ ತಿಂದು ಆಟೋ ಹತ್ತಿದೆವು. ರಸ್ತೆಯ ಎರಡೂ ಬದಿಯ ಮರಗಳು ಗುಲಾಬಿ ಬಣ್ಣದ ಹೂವಿನಲ್ಲಿ ಮುಚ್ಚಿಹೋಗಿದ್ದವು. ನನಗೆ ಎಲ್ಲವನ್ನೂ ಯಾರಿಗಾದರೂ ಹೇಳಬೇಕೆನ್ನಿಸಿತು. ಆಟೋದವನು ವಯಸ್ಸಾದವನು, "ಆಸ್ಪತ್ರೆಯಿಂದ ಬರ್ತಿದೀರಾ ಸಾರ್?" ಎಂದು ಕೇಳಿದ್ದೇ ಸಾಕಾಯಿತು. ಕೊರಿಯರಿನವನು ಸಾರ್ ಎಂದದ್ದರಿಂದ ಶುರು ಮಾಡಿ, ಹರಿವೆ ಸೊಪ್ಪು, ಎಳ್ಳು ಬೀರಿದ್ದು, ತಂಬೋಲ, ಒಂದನ್ನೂ ಬಿಡದೆ ಹೇಳುತ್ತ ಹೋದೆ. ಅವನು ಕನ್ನಡಿಯಲ್ಲಿ ನೋಡುತ್ತ ನಗುತ್ತಿದ್ದ. ಸುಶೀಲ ಪಕ್ಕದಲ್ಲಿ ಸೆರಗು ಹೊದ್ದು ಸುಮ್ಮನೆ ಕೂತಿದ್ದಳು. ಸೋಮವಾರದ ಫೋನಿನ ತನಕ ಬಂದಿದ್ದೆ, ಇನ್ನೇನು ಡಾಕ್ಟರು ಹೇಳಿದ ಮಾತನ್ನು ಹೇಳಬೇಕು.

"ರೀ!"

ಆಟೋದವನು ಗಕ್ಕನೆ ಬ್ರೇಕ್ ಹಾಕಿದ. ಹಿಂದಿನ ಸ್ಕೂಟರಿನವನು ಹಾರನ್ ಬಾರಿಸಿದ. ಫುಟ್‌ಪಾತಿನಲ್ಲಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದವಳು ತಲೆಯೆತ್ತಿ ನೋಡಿದಳು.

"ನಮ್ ತಿರುವು ಹಿಂದೇನೇ ಹೋಯ್ತು!"

"ಕೂಗ್ಬಾರ್ದು ಅಂತ ಡಾಕ್ಟರು ಹೇಳಿದಾರೆ" ಎಂದೆ.

"ಹಂಗಿದ್ರೆ ನೀವು ಬಾಯಿ ಮುಚ್ಕೊಂಡು ದಾರಿ ನೋಡಿ."

ಆಟೋದವನು ಗಾಡಿ ತಿರುಗಿಸಿಕೊಂಡ. "ಆಮೇಲೇನಾಯ್ತು ಸಾರ್?" ಎಂದು ಕೇಳಿದ. ನಾನು ಸುಶೀಲಳ ಕಡೆ ನೋಡಿದೆ. ಅವಳು ಹೇಳಿ ಎನ್ನುವಂತೆ ಗಲ್ಲ ಎತ್ತಿದಳು.